ಬಿಓಎಸ್ ಪ್ರಕರಣ: ಬೀಗದಕೈ ಬೇರೆಯವರ ಹತ್ತಿರ ಇದ್ದಾಗ

1996ರಲ್ಲಿ ಆಪಲ್ ಕಂಪನಿ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ (ಒಎಸ್), ಕೊಂಡುಕೊಳ್ಳಲು ಹೊರಟಿತು. ತನ್ನ ಮ್ಯಾಕ್ ಕಂಪ್ಯೂಟರ್‌ಗಾಗಿ ಕಂಪನಿಯೊಳಗೇ ಬರೆಯುತ್ತಿದ್ದ ಕೋಪ್ಲಂಡ್ ಎಂಬ ಹೊಸ ಒಎಸ್ ವರ್ಷಗಟ್ಟಲೆ ಎಳೆದಾಡಿ, ಆ ಆಗಸ್ಟ್‌ನಲ್ಲಿ ನಿಂತೇ ಹೋಗಿತ್ತು. ಆಗ ಎಲ್ಲರ ಬಾಯಲ್ಲೂ ಇದ್ದ ಹೆಸರು ಬಿಓಎಸ್. ಮಾಡಿದವರು ಆಪಲ್ ಬಿಟ್ಟು ಹೋದವರೇ. ಅದು ಮ್ಯಾಕ್ ಯಂತ್ರದ ಮೇಲೆ ಆಗಲೇ ಓಡುತ್ತಿತ್ತು. ನೋಡಿದವರು ಬೆರಗಾಗುವಷ್ಟು ಚುರುಕಾಗಿತ್ತು. ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಡಿಸೆಂಬರ್ 20ರಂದು ಆಪಲ್ ತನ್ನ ನಿರ್ಧಾರ ಹೇಳಿತು: ತಾನು ಕೊಳ್ಳುವುದು ನೆಕ್ಸ್ಟ್ ಕಂಪನಿಯನ್ನು. ಐದು ವರ್ಷ ಕಳೆಯುವಷ್ಟರಲ್ಲಿ ಬಿಓಎಸ್ ಮಾಡಿದ ಕಂಪನಿ ತನ್ನ ತಂತ್ರಜ್ಞಾನವನ್ನೇ ಮಾರಿಬಿಟ್ಟಿತು.

ಇಷ್ಟು ಚೆನ್ನಾಗಿದ್ದ ಒಎಸ್ ಯಾಕೆ ಸೋತಿತು ಎಂದರೆ ಸಾಮಾನ್ಯವಾಗಿ ಎರಡು ಉತ್ತರ ಕೇಳಿಬರುತ್ತವೆ. ಮಾಲೀಕರು ಜಾಸ್ತಿ ದುಡ್ಡು ಕೇಳಿದರು ಎನ್ನುವುದು ಒಂದು. ಮೈಕ್ರೋಸಾಫ್ಟ್ ದಾರಿ ಕಟ್ಟಿತು ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಹನ್ನೊಂದು ವರ್ಷದ ಕಥೆಯನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಕಾಣುವುದು ಬೇರೆ. ಬಿಓಎಸ್ ಒಂದಾದ ಮೇಲೊಂದು ಮೂರು ಮನೆಯಲ್ಲಿ ಇತ್ತು. ಮೂರು ಸಲವೂ ಆ ಮನೆಯ ಬೀಗದಕೈ ಬೇರೆಯವರ ಹತ್ತಿರ ಇತ್ತು.

ಶುರುವಾದದ್ದು ಹೀಗೆ

ಜಾನ್-ಲೂಯಿ ಗಾಸೆ ಫ್ರೆಂಚ್ ಮನುಷ್ಯ. 1981ರಲ್ಲಿ ಆಪಲ್‌ನ ಫ್ರಾನ್ಸ್ ಶಾಖೆ ಕಟ್ಟಿದವರು. ಆಮೇಲೆ ಕ್ಯಾಲಿಫೋರ್ನಿಯಾಗೆ ಬಂದು ಮ್ಯಾಕ್ ಉತ್ಪನ್ನಗಳ ಹೊಣೆ ಹೊತ್ತರು. 1990ರಲ್ಲಿ ಆಪಲ್ ಬಿಟ್ಟರು. ಆಪಲ್‌ನಲ್ಲಿ ನ್ಯೂಟನ್ ಎಂಬ ಕೈಗಂಪ್ಯೂಟರಿನ ಯೋಜನೆ ಶುರು ಮಾಡಿದ್ದ ಸ್ಟೀವ್ ಸಾಕೋಮನ್ ಜೊತೆ ಸೇರಿ ಅದೇ ವರ್ಷ 'ಬಿ' ಎಂಬ ಕಂಪನಿ ತೆರೆದರು. ಮೆನ್ಲೋ ಪಾರ್ಕ್‌ನಲ್ಲಿ ಅವರ ಕಚೇರಿ.

ಅವರ ಯೋಚನೆ ಸರಳವಾಗಿತ್ತು. ಆಗಿನ ಒಎಸ್‌ಗಳೆಲ್ಲ ಹಳೇ ಹೊರೆ ಹೊತ್ತುಕೊಂಡೇ ನಡೆಯುತ್ತಿದ್ದವು. ವಿಂಡೋಸ್‌ನ ಬೆನ್ನ ಮೇಲೆ ಡಾಸ್ ಎಂಬ ಹಳೇ ಒಎಸ್ ಇತ್ತು. ಮ್ಯಾಕ್ 1984ರ ಅಡಿಪಾಯದ ಮೇಲೇ ನಿಂತಿತ್ತು. ಹಳೆಯದನ್ನು ಪೂರ್ತಿ ಬಿಟ್ಟು, ಧ್ವನಿ, ವಿಡಿಯೊ, ಒಂದಕ್ಕಿಂತ ಹೆಚ್ಚು ಪ್ರೊಸೆಸರ್, ಇವನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿದು ಒಂದು ಒಎಸ್ ಬರೆದರೆ ಹೇಗಿರುತ್ತದೆ? ಬರೆದು ನೋಡಿದರು.

ಮೊದಲು ಆರಿಸಿಕೊಂಡದ್ದು ಎಟಿ ಅಂಡ್ ಟಿ ಕಂಪನಿಯ ಹಾಬಿಟ್ ಎಂಬ ಚಿಪ್. ಒಂದು ಯಂತ್ರದಲ್ಲಿ ಅಂಥ ಎರಡು ಚಿಪ್ ಹಾಕಿ ಮಾದರಿ ತಯಾರಿಸಿದರು. ಕೆಲಸ ಹದಕ್ಕೆ ಬರುವ ಹೊತ್ತಿಗೆ ಎಟಿ ಅಂಡ್ ಟಿ ಹಾಬಿಟ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತು. ವರ್ಷಗಳ ಕೆಲಸ ನೀರುಪಾಲು. ಇದು ಮೊದಲನೇ ಮನೆ.

ಆಗ ಮ್ಯಾಕ್‌ನಲ್ಲೂ ಇದ್ದ ಪವರ್‌ಪಿಸಿ ಚಿಪ್‌ಗೆ ಬದಲಾಯಿಸಿಕೊಂಡು 1995ರ ಅಕ್ಟೋಬರ್‌ನಲ್ಲಿ ಬಿಬಾಕ್ಸ್ ಎಂಬ ತಮ್ಮದೇ ಕಂಪ್ಯೂಟರನ್ನು ಜನರ ಮುಂದೆ ಇಟ್ಟರು. ಅದರಲ್ಲಿ 66 ಮೆಗಾಹರ್ಟ್ಸ್‌ನ ಎರಡು ಪವರ್‌ಪಿಸಿ 603 ಪ್ರೊಸೆಸರ್. ಮುಂಭಾಗದ ಎರಡೂ ಬದಿಗೆ ಎಲ್‌ಇಡಿ ದೀಪಗಳ ಸಾಲು. ಒಂದೊಂದು ಸಾಲು ಒಂದೊಂದು ಪ್ರೊಸೆಸರ್‌ಗೆ. ಕೆಲಸ ಜಾಸ್ತಿಯಾದ ಹಾಗೆ ದೀಪ ಮೇಲಕ್ಕೇರುತ್ತಿತ್ತು. ಹಿಂದೆ ಗೀಕ್‌ಪೋರ್ಟ್ ಎಂಬ 37 ಪಿನ್‌ನ ಜಾಗ. ಸ್ವಂತ ಎಲೆಕ್ಟ್ರಾನಿಕ್ ಸರ್ಕೀಟ್ ಕಟ್ಟುವವರು ನೇರವಾಗಿ ಅಲ್ಲಿಗೆ ತಂತಿ ಜೋಡಿಸಬಹುದಿತ್ತು. ಕೈಕೆಲಸ ಮಾಡುವ ಎಂಜಿನಿಯರ್‌ಗಳಿಗೆ ಹೇಳಿ ಮಾಡಿಸಿದ ಯಂತ್ರ. ಆದರೆ ಮಾರಾಟವಾದದ್ದು ಎರಡು ಸಾವಿರವೂ ದಾಟಲಿಲ್ಲ. 1997ರ ಆರಂಭದಲ್ಲೇ ಬಿಬಾಕ್ಸ್ ನಿಂತಿತು. ಕಂಪನಿ ಸಾಫ್ಟ್‌ವೇರ್ ಮಾತ್ರ ಮಾಡುವುದೆಂದು ತೀರ್ಮಾನಿಸಿತು.

ಒಳಗೆ ಏನಿತ್ತು

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಿಓಎಸ್ ಚೆನ್ನಾಗಿತ್ತು ಅಂತ ಸುಮ್ನೆ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಆ ಕಾಲದ ಮ್ಯಾಕ್‌ನಲ್ಲಿ ಒಂದು ಪ್ರೋಗ್ರಾಂ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ ಸಿಗುತ್ತಿತ್ತು. ಮೆನು ಒತ್ತಿ ಹಿಡಿದರೆ ಹಿಂದಿನ ಕೆಲಸಗಳು ಹಾಗೇ ನಿಲ್ಲುತ್ತಿದ್ದವು. ಒಂದು ಪ್ರೋಗ್ರಾಂ ಕೆಟ್ಟರೆ ಇನ್ನೊಂದರ ಮೆಮೊರಿಯನ್ನೂ ಕೆಡಿಸಿ ಇಡೀ ಯಂತ್ರವನ್ನೇ ಬೀಳಿಸುತ್ತಿತ್ತು. ವಿಂಡೋಸ್ 95 ಇದಕ್ಕಿಂತ ವಾಸಿ. ಆದರೂ ಎರಡು ಪ್ರೊಸೆಸರ್ ಹಾಕಿದರೆ ಎರಡನೆಯದನ್ನು ಅದು ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ವಿಂಡೋಸ್ ಎನ್‌ಟಿಯೇ ಬೇಕು. ಎನ್‌ಟಿ ಮನೆಯ ಕಂಪ್ಯೂಟರ್‌ಗೆ ಆಗ ತೀರಾ ಭಾರ.

ಬಿಓಎಸ್‌ನಲ್ಲಿ ಪ್ರತಿ ವಿಂಡೋಗೂ ತನ್ನದೇ ಥ್ರೆಡ್, ಅಂದರೆ ಉಳಿದವುಗಳ ಜೊತೆಜೊತೆಗೇ ಸ್ವತಂತ್ರವಾಗಿ ಓಡುವ ಕೆಲಸದ ಎಳೆ. ಪ್ರೋಗ್ರಾಂ ಕಡೆ ಒಂದು, ಪರದೆ ಮೇಲೆ ಬಿಡಿಸುವ ಆಪ್ ಸರ್ವರ್ ಕಡೆ ಇನ್ನೊಂದು. ಇದನ್ನು ಪ್ರೋಗ್ರಾಂ ಬರೆಯುವವರ ಇಷ್ಟಕ್ಕೆ ಬಿಟ್ಟಿರಲಿಲ್ಲ. ವಿಂಡೋ ತೆರೆದರೆ ಥ್ರೆಡ್ ತಾನಾಗಿಯೇ ಹುಟ್ಟುತ್ತಿತ್ತು. ಇದರಿಂದ ಆದ ಲಾಭ ಕೈಗೆ ನೇರ ಗೊತ್ತಾಗುತ್ತಿತ್ತು. ದೊಡ್ಡ ಫೈಲ್ ಒಂದು ವಿಂಡೋದಲ್ಲಿ ತೆರೆಯುತ್ತಿದ್ದರೂ ಪಕ್ಕದ ವಿಂಡೋ ಎಳೆದರೆ ಬರುತ್ತಿತ್ತು, ಒತ್ತಿದ ಗುಂಡಿ ಒತ್ತಿಕೊಳ್ಳುತ್ತಿತ್ತು. ಎರಡು ಪ್ರೊಸೆಸರ್ ಇದ್ದರೆ ಕೆಲಸ ತಾನಾಗಿ ಹಂಚಿಕೆಯಾಗುತ್ತಿತ್ತು. ಪಲ್ಸ್ ಎಂಬ ಪುಟ್ಟ ಪ್ರೋಗ್ರಾಂ ತೆರೆದು ಒಂದು ಪ್ರೊಸೆಸರನ್ನು ಆಫ್ ಮಾಡಿ, ಓಡುತ್ತಿದ್ದ ವಿಡಿಯೊ ಎಷ್ಟು ನಿಧಾನವಾಗುತ್ತದೆ ಎಂದು ನೋಡಿ, ಮತ್ತೆ ಆನ್ ಮಾಡಬಹುದಿತ್ತು. ಹಲವು ವಿಡಿಯೊಗಳನ್ನು ಒಟ್ಟಿಗೆ ಓಡಿಸಿ, ಅವನ್ನು ತಿರುಗುವ ಘನಾಕೃತಿಯ ಮುಖಗಳ ಮೇಲೆ ಹಚ್ಚಿ ತೋರಿಸುವುದು ಅವರ ಹೆಸರಾದ ಪ್ರದರ್ಶನ. ಸಾಧಾರಣ ಪಿಸಿಯಲ್ಲಿ ಅದನ್ನು ನೋಡಿದವರಿಗೆ ತಮ್ಮ ಯಂತ್ರಕ್ಕೆ ಇಷ್ಟು ಶಕ್ತಿ ಇತ್ತಾ ಅನಿಸುತ್ತಿತ್ತು.

ನನಗೆ ಅದಕ್ಕಿಂತಲೂ ಇಷ್ಟವಾದದ್ದು ಅದರ ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಮೊದಮೊದಲು ಬಿಓಎಸ್‌ನಲ್ಲಿ ಫೈಲ್‌ಗಳು ಒಂದು ಕಡೆ, ಅವುಗಳ ವಿವರ ಇಡುವ ಡೇಟಾಬೇಸ್ ಇನ್ನೊಂದು ಕಡೆ ಇದ್ದವು. ಎರಡೂ ಒಂದಕ್ಕೊಂದು ತಾಳೆಯಾಗದೆ ತೊಂದರೆ ಕೊಡುತ್ತಿದ್ದವು. ಡಾಮಿನಿಕ್ ಜಂಪಾಲೊ ಮತ್ತು ಸಿರಿಲ್ ಮರಿಯೋನ್ ಎಂಬ ಇಬ್ಬರು ಎಂಜಿನಿಯರ್‌ಗಳು ಅದನ್ನು ಕಿತ್ತುಹಾಕಿ ಬಿಎಫ್‌ಎಸ್ ಬರೆದರು. 64 ಬಿಟ್‌ನದು, ಜರ್ನಲ್ ಇದ್ದದ್ದು.

ಜರ್ನಲ್ ಎಂದರೆ ಏನು ಎನ್ನುವುದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ವಿಂಡೋಸ್ 98 ಇದ್ದ ಕಾಲದಲ್ಲಿ ಕರೆಂಟ್ ಹೋಗಿ ಬಂದರೆ ಏನಾಗುತ್ತಿತ್ತು, ನೆನಪಿದೆ ಅಲ್ವಾ? ನೀಲಿ ಪರದೆಯಲ್ಲಿ ಸ್ಕ್ಯಾನ್‌ಡಿಸ್ಕ್ ಬಂದು ಇಡೀ ಡಿಸ್ಕ್ ತಡಕಾಡುತ್ತಿತ್ತು. ಕಾಯುತ್ತಾ ಕೂರಬೇಕಿತ್ತು. ಬಿಎಫ್‌ಎಸ್ ಡಿಸ್ಕಿನ ರಚನೆಯಲ್ಲಿ ಏನಾದರೂ ಬದಲಿಸುವ ಮೊದಲು, ತಾನು ಏನು ಬದಲಿಸಲಿದ್ದೇನೆ ಎಂದು ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆ ಬರಹ ಓದಿ ಉಳಿದ ಕೆಲಸ ಮುಗಿಸುತ್ತದೆ. ಡಿಸ್ಕ್ ಪೂರ್ತಿ ತಡಕುವ ಅಗತ್ಯವೇ ಇಲ್ಲ. ನೀವು ಆಗ ಟೈಪ್ ಮಾಡುತ್ತಿದ್ದದ್ದು ಸೇವ್ ಆಗಿಲ್ಲದಿದ್ದರೆ ಅದು ಹೋಯಿತು, ಅದನ್ನು ಜರ್ನಲ್ ಉಳಿಸಲಾರದು. ಆದರೆ ಡಿಸ್ಕಿನ ಲೆಕ್ಕ ಕೆಡುವುದಿಲ್ಲ. ಇವತ್ತಿನ ಒಎಸ್‌ಗಳಲ್ಲಿ ಇದು ಮಾಮೂಲು. ಆಗಿನ ಮನೆಯ ಕಂಪ್ಯೂಟರ್‌ಗೆ ಹೊಸದು.

ಇನ್ನೊಂದು ಗುಣ ಅಟ್ರಿಬ್ಯೂಟ್. ಪ್ರತಿ ಫೈಲ್‌ಗೂ ಎಷ್ಟು ಬೇಕೋ ಅಷ್ಟು ವಿವರ ಅಂಟಿಸಬಹುದು. ಅವುಗಳಲ್ಲಿ ಬೇಕಾದವಕ್ಕೆ ಸೂಚಿ ಇಟ್ಟುಕೊಂಡು ಚಿಟಿಕೆ ಹೊಡೆಯುವುದರಲ್ಲಿ ಹುಡುಕಬಹುದು. ಇಮೇಲ್ ತೆಗೆದುಕೊಳ್ಳಿ. ಬಿಓಎಸ್‌ನಲ್ಲಿ ಪ್ರತಿ ಇಮೇಲ್ ಒಂದು ಬಿಡಿ ಫೈಲ್. ಕಳಿಸಿದವರು, ವಿಷಯ, ದಿನಾಂಕ, ಓದಿದ್ದೋ ಇಲ್ಲವೋ ಎಂಬ ಸ್ಥಿತಿ, ಎಲ್ಲ ಆ ಫೈಲ್‌ನ ಅಟ್ರಿಬ್ಯೂಟ್‌ಗಳು. ಹಾಗಾಗಿ ಇಮೇಲ್ ಪಟ್ಟಿ ನೋಡಲು ಪ್ರತ್ಯೇಕ ಪ್ರೋಗ್ರಾಂ ಬೇಕಾಗಿರಲಿಲ್ಲ. ಫೈಲ್ ತೋರಿಸುವ ಟ್ರ್ಯಾಕರ್‌ನಲ್ಲೇ ಆ ವಿವರಗಳು ಕಾಲಂಗಳಾಗಿ ಕಾಣುತ್ತಿದ್ದವು. ಇಂಥವರಿಂದ ಬಂದ, ಇನ್ನೂ ಓದದ ಪತ್ರಗಳು ಎಂದು ಒಂದು ಹುಡುಕಾಟ ಕೊಟ್ಟು ಅದನ್ನು ಡೆಸ್ಕ್‌ಟಾಪ್ ಮೇಲೆ ಉಳಿಸಿದರೆ, ಬೇಕಾದಾಗ ತೆರೆಯಬಹುದಾದ ಫೋಲ್ಡರ್‌ನ ಹಾಗೆ ಅದು ಕೆಲಸ ಮಾಡುತ್ತಿತ್ತು. ಆ ವಿಂಡೋ ತೆರೆದಿದ್ದಾಗಲೇ ಹೊಸ ಪತ್ರ ಬಂದರೆ ಪಟ್ಟಿಗೆ ತಾನೇ ಸೇರುತ್ತಿತ್ತು. ಓದಿದ ಕೂಡಲೇ ಪಟ್ಟಿಯಿಂದ ಜಾರುತ್ತಿತ್ತು. ಪರಿಚಯದವರ ವಿಳಾಸಗಳೂ ಹಾಗೇ, ಒಬ್ಬರಿಗೆ ಒಂದು ಫೈಲ್.

ಇದಕ್ಕೂ ಒಂದು ಮಿತಿ ಇತ್ತು. ಸೂಚಿ ಮಾಡುವ ಮೊದಲೇ ಇದ್ದ ಫೈಲ್‌ಗಳು ಆ ಸೂಚಿಗೆ ತಾವಾಗಿ ಸೇರುತ್ತಿರಲಿಲ್ಲ. ಬೇರೆ ಒಎಸ್‌ನ ಡಿಸ್ಕ್‌ಗೆ ಫೈಲ್ ನಕಲು ಮಾಡಿದರೆ ಅಟ್ರಿಬ್ಯೂಟ್‌ಗಳು ಉದುರಿಹೋಗುತ್ತಿದ್ದವು. ಒಳಗಡೆ ಇರುವಷ್ಟು ಹೊತ್ತು ಸೊಗಸು, ಗಡಿ ದಾಟಿದರೆ ಬರೀ ಫೈಲ್.

ಇವುಗಳ ಜೊತೆಗೆ ಟ್ರಾನ್ಸ್‌ಲೇಟರ್ ಎಂಬ ಏರ್ಪಾಡು. ಹೊಸ ಬಗೆಯ ಚಿತ್ರದ ಫೈಲ್ ಬಂತು ಅನ್ನಿ. ಅದನ್ನು ಓದುವ ಪುಟ್ಟ ತುಣುಕು ಒಂದನ್ನು ಸಿಸ್ಟಮ್‌ಗೆ ಸೇರಿಸಿದರೆ, ಈ ಏರ್ಪಾಡು ಬಳಸುವ ಎಲ್ಲ ಪ್ರೋಗ್ರಾಂಗಳಿಗೂ ಅದನ್ನು ತೆರೆಯಲು ಬರುತ್ತಿತ್ತು. ಅಕ್ಷರಗಳಿಗೆ ಸಿಸ್ಟಮ್ ಉದ್ದಕ್ಕೂ ಯುಟಿಎಫ್-8 ಇತ್ತು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ ಕೊಡುವ ಯುನಿಕೋಡನ್ನು ಬರೆದಿಡುವ ಒಂದು ಬಗೆ ಅದು. ನಮ್ಮ ಕಡೆ ಒಂದೊಂದು ಕನ್ನಡ ಫಾಂಟ್‌ಗೆ ಒಂದೊಂದು ಸಂಕೇತ ಇದ್ದು, ಒಬ್ಬರು ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ಓದಲಾಗದೆ ಒದ್ದಾಡುತ್ತಿದ್ದ ವರ್ಷಗಳವು. ಅಕ್ಷರ ಉಳಿಸುವುದು ಬೇರೆ, ಒತ್ತಕ್ಷರವನ್ನು ಸರಿಯಾಗಿ ಪರದೆ ಮೇಲೆ ಮೂಡಿಸುವುದು ಬೇರೆ ಕೆಲಸ. ಆದರೂ ಆ ಹೊತ್ತಿನಲ್ಲಿ ಯುನಿಕೋಡನ್ನು ಬುಡದಲ್ಲೇ ಇಟ್ಟುಕೊಂಡದ್ದು ದೂರದ ಯೋಚನೆ.

ಇಷ್ಟೆಲ್ಲ ಹೇಳಿ ಇಲ್ಲದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಿಓಎಸ್‌ನಲ್ಲಿ ಒಬ್ಬರೇ ಬಳಕೆದಾರರು. ಬೇರೆ ಬೇರೆ ಖಾತೆ, ಅನುಮತಿ ಇತ್ಯಾದಿ ಇರಲಿಲ್ಲ. ನೆಟ್‌ವರ್ಕ್ ಭಾಗ ಕೊನೇ ತನಕ ದುರ್ಬಲ. ಜೊತೆಗೆ ಬರುತ್ತಿದ್ದ ನೆಟ್‌ಪಾಸಿಟಿವ್ ಬ್ರೌಸರ್‌ನಲ್ಲಿ, ವೆಬ್ ಪುಟಗಳ ಒಳಗೆ ಓಡುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗಳಿಗೆ ಬೆಂಬಲ ಇರಲಿಲ್ಲ. ಪ್ರತಿ ವಿಂಡೋಗೂ ಥ್ರೆಡ್ ಎನ್ನುವುದು ಬಳಸುವವರಿಗೆ ಸುಖ, ಬರೆಯುವವರಿಗೆ ತಲೆನೋವು. ಎರಡು ಥ್ರೆಡ್‌ಗಳು ಒಂದೇ ಮಾಹಿತಿಯನ್ನು ಮುಟ್ಟುವಾಗ ಬೀಗ ಹಾಕಿಕೊಳ್ಳಬೇಕು. ಒಂದು ಇನ್ನೊಂದರ ಬೀಗಕ್ಕೆ ಕಾಯುತ್ತಾ ಕುಳಿತರೆ ಪ್ರೋಗ್ರಾಂ ಅಲ್ಲೇ ಸ್ತಬ್ಧ. ವಿಂಡೋಸ್ ಅಥವಾ ಮ್ಯಾಕ್‌ಗೆ ಒಂದೇ ಥ್ರೆಡ್ ಲೆಕ್ಕದಲ್ಲಿ ಬರೆದ ದೊಡ್ಡ ಪ್ರೋಗ್ರಾಂಗಳನ್ನು ಇಲ್ಲಿಗೆ ತರುವುದು ಅದಕ್ಕೇ ಕಷ್ಟವಾಯಿತು. ಹಳೇ ಹೊರೆ ಬೇಡ ಎಂದು ಹೊರಟವರಿಗೆ ಹಳೇ ಪ್ರೋಗ್ರಾಂಗಳೂ ಸಿಗಲಿಲ್ಲ.

ಆ ಡಿಸೆಂಬರ್

ಈಗ 1996ಕ್ಕೆ ಬರೋಣ. ಗಿಲ್ ಅಮೇಲಿಯೊ ಫೆಬ್ರವರಿಯಲ್ಲಿ ಆಪಲ್‌ನ ಸಿಇಓ ಆಗಿದ್ದರು. ತಂತ್ರಜ್ಞಾನದ ಮುಖ್ಯಸ್ಥೆ ಎಲೆನ್ ಹ್ಯಾನ್‌ಕಾಕ್. ಕೋಪ್ಲಂಡ್ ಕೈಬಿಟ್ಟ ಮೇಲೆ ಅವರ ಮುಂದೆ ಇದ್ದ ಆಯ್ಕೆಗಳಲ್ಲಿ ವಿಂಡೋಸ್ ಎನ್‌ಟಿ, ಸನ್ ಕಂಪನಿಯ ಸೋಲಾರಿಸ್ ಕೂಡ ಇದ್ದವು. ಬಿಓಎಸ್ ಎಲ್ಲಕ್ಕಿಂತ ಮುಂದಿತ್ತು. ಬೇರೆ ದಾರಿ ಇಲ್ಲದೆ ಆಪಲ್ ತಮ್ಮ ಬಳಿಗೇ ಬರುತ್ತದೆ ಎಂಬ ನಂಬಿಕೆ ಗಾಸೆಯವರಿಗೆ ಇದ್ದ ಹಾಗೆ ಕಾಣುತ್ತದೆ. ಅವರು 30 ಕೋಟಿ ಡಾಲರ್ ಹತ್ತಿರ ಕೇಳಿದರು ಎಂದು ಆಗ ವರದಿಯಾಯಿತು. ಆಪಲ್ ಅದಕ್ಕಿಂತ ಬಹಳ ಕೆಳಗೆ ನಿಂತಿತ್ತು.

ಅಷ್ಟರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿ ನಡುವೆ ಬಂತು. ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ಆಪಲ್ ಮುಂದೆ ತಮ್ಮ ತಮ್ಮ ಒಎಸ್ ತೋರಿಸಿದರು. ಜಾಬ್ಸ್ ಜೊತೆಗೆ ಅವಿ ಟೆವೇನಿಯನ್ ಬಂದು ನೆಕ್ಸ್ಟ್‌ಸ್ಟೆಪ್ ನಡೆಸಿ ತೋರಿಸಿದರು. ಆಪಲ್ ನೆಕ್ಸ್ಟ್‌ಗೆ ಕೊಟ್ಟದ್ದು 40 ಕೋಟಿ ಡಾಲರ್‌ಗೂ ಮೇಲೆ.

ಬೆಲೆಯಿಂದಾಗಿ ಬಿಓಎಸ್ ಕೈತಪ್ಪಿತು ಎನ್ನುವ ಮಾತು ನನಗೆ ಒಪ್ಪಿಗೆಯಾಗದಿರುವುದು ಇಲ್ಲಿಯೇ. ಗಾಸೆ ಕೇಳಿದ್ದಕ್ಕಿಂತ ಜಾಸ್ತಿ ಹಣವನ್ನು ಆಪಲ್ ಇನ್ನೊಬ್ಬರಿಗೆ ಕೊಟ್ಟಿತು. ಹಣ ಕೊಡಲು ತಯಾರಿತ್ತು, ಬಿಓಎಸ್‌ಗೆ ಅಷ್ಟು ಕೊಡಲು ತಯಾರಿರಲಿಲ್ಲ. ಯಾಕೆ? ಆಗಿನ ಬಿಓಎಸ್ ಪ್ರೋಗ್ರಾಂ ಬರೆಯುವವರಿಗೆಂದು ಕೊಟ್ಟ ಆವೃತ್ತಿ ಮಾತ್ರ. ಪ್ರಿಂಟ್ ಮಾಡುವ ವ್ಯವಸ್ಥೆಯೇ ನೆಟ್ಟಗಿರಲಿಲ್ಲ. ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವವರೇ ಮ್ಯಾಕ್‌ನ ದೊಡ್ಡ ಗಿರಾಕಿಗಳು. ಪ್ರಿಂಟ್ ಬರದ ಒಎಸ್ ಅವರಿಗೆ ಯಾವ ಕೆಲಸಕ್ಕೆ ಬಂತು? ನೆಕ್ಸ್ಟ್‌ಸ್ಟೆಪ್ 1989ರಿಂದ ಮಾರುಕಟ್ಟೆಯಲ್ಲಿತ್ತು. ಯುನಿಕ್ಸ್ ಎಂಬ ಪಳಗಿದ ಒಎಸ್‌ನ ಬುಡ, ಹಲವು ಬಳಕೆದಾರರು, ಗಟ್ಟಿ ನೆಟ್‌ವರ್ಕ್ ಇತ್ತು. ಪ್ರೋಗ್ರಾಂ ಬರೆಯುವ ಸಲಕರಣೆಗಳಂತೂ ಬಹಳ ಪಳಗಿದ್ದವು. ಟಿಮ್ ಬರ್ನರ್ಸ್-ಲೀ 1990ರಲ್ಲಿ ಮೊದಲ ವೆಬ್ ಬ್ರೌಸರ್ ಬರೆದದ್ದೂ ನೆಕ್ಸ್ಟ್ ಯಂತ್ರದ ಮೇಲೆಯೇ. ಬಿಓಎಸ್ ನೋಡಲು ಚುರುಕು. ನೆಕ್ಸ್ಟ್‌ಸ್ಟೆಪ್ ಮುಗಿದ ಕೆಲಸ. ಹಾಗಿದ್ದೂ ನೆಕ್ಸ್ಟ್‌ಸ್ಟೆಪ್ ಮ್ಯಾಕ್ ಓಎಸ್ ಟೆನ್ ಆಗಿ ಅಂಗಡಿಗೆ ಬರಲು 2001ರ ಮಾರ್ಚ್ ಆಯಿತು. ಬಿಓಎಸ್ ಆಗಿದ್ದರೆ ಇನ್ನೂ ಎಷ್ಟು ಕಾಲ ಬೇಕಾಗುತ್ತಿತ್ತೋ.

ಆಪಲ್ ಬೇಡ ಅಂದದ್ದು ಬಿಗೆ ಬಿದ್ದ ದೊಡ್ಡ ಪೆಟ್ಟು ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ ಆದದ್ದು ಇನ್ನೂ ದೊಡ್ಡದು. ಆಗ ಮ್ಯಾಕ್ ತದ್ರೂಪಿ ಯಂತ್ರಗಳನ್ನು ಪವರ್ ಕಂಪ್ಯೂಟಿಂಗ್‌ನಂಥ ಕಂಪನಿಗಳು ಮಾಡುತ್ತಿದ್ದವು. ಅವುಗಳ ಜೊತೆ ಬಿಓಎಸ್ ಕೊಡುವ ಒಪ್ಪಂದವೂ ಆಗಿತ್ತು. ಜಾಬ್ಸ್ ಆಪಲ್‌ಗೆ ಮರಳಿದ ಮೇಲೆ, 1997ರಲ್ಲಿ, ತದ್ರೂಪಿಗಳ ದಾರಿ ಮುಚ್ಚಿತು. ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಆಪಲ್ ತಾನೇ ಕೊಂಡಿತು. ಹೊಸ ಜಿ3 ಮ್ಯಾಕ್‌ಗಳ ಒಳವಿವರ ಬಿ ಕಂಪನಿಗೆ ಸಿಗಲಿಲ್ಲ. ವಿವರ ಇಲ್ಲದೆ ಡ್ರೈವರ್, ಅಂದರೆ ಯಂತ್ರದ ಭಾಗಗಳನ್ನು ಒಎಸ್‌ಗೆ ಜೋಡಿಸುವ ಪ್ರೋಗ್ರಾಂ, ಬರೆಯಲಾಗುವುದಿಲ್ಲ. ಬಿಓಎಸ್ ಹಳೇ ಪವರ್ ಮ್ಯಾಕ್‌ಗಳಲ್ಲೇ ಉಳಿಯಿತು. ಎರಡನೇ ಮನೆಯೂ ಹೋಯಿತು.

ಪಿಸಿ ಎಂಬ ಮೂರನೇ ಮನೆ

1998ರ ಮಾರ್ಚ್‌ನಲ್ಲಿ ಬಂದ ಬಿಓಎಸ್‌ನ ಮೂರನೇ ಬಿಡುಗಡೆ ಪಿಸಿಗಳಲ್ಲಿರುವ ಇಂಟೆಲ್ ಪ್ರೊಸೆಸರ್‌ಗಳ ಮೇಲೆ ಓಡಿತು. ಇಂಟೆಲ್ ಈ ಕಂಪನಿಯಲ್ಲಿ ಹಣವನ್ನೂ ಹಾಕಿತು. ಈ ಸಲ ಗಾಸೆ ಹೇಳಿದ್ದು ವಿಂಡೋಸ್ ತೆಗೆಯಿರಿ ಎಂದಲ್ಲ. ವಿಂಡೋಸ್ ಇರಲಿ, ಅದರ ಪಕ್ಕದಲ್ಲಿ ಬಿಓಎಸ್ ಇರಲಿ, ವಿಡಿಯೊ, ಸಂಗೀತದ ಕೆಲಸಕ್ಕೆ ಇದನ್ನು ಬಳಸಿ ಎಂದರು. ತಮ್ಮ ಶಕ್ತಿಗೆ ತಕ್ಕ ಮಾತು ಅದು.

ಪಕ್ಕದಲ್ಲಿ ಇರಬೇಕು ಎಂದರೆ ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕು ಎಂದು ಕೇಳುವ ಮೆನು ಕಾಣಬೇಕು. ಅದನ್ನು ತೋರಿಸುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ. ಇಡೀ ಪ್ರಕರಣ ಕೊನೆಗೆ ಬಂದು ನಿಂತದ್ದು ಈ ಮೆನುವಿನ ಮೇಲೆ.

ಜಪಾನ್‌ನಲ್ಲಿ ಹಿಟಾಚಿ ಕಂಪನಿ ತನ್ನ ಫ್ಲೋರಾ ಪ್ರಿಯಸ್ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಜೊತೆಗೆ ಬಿಓಎಸ್ ಹಾಕಿಯೇ ಮಾರಿತು. ಡಿಸ್ಕ್‌ನಲ್ಲಿ ಬಿಓಎಸ್ ಇದೆ. ಆದರೆ ಆನ್ ಮಾಡಿದರೆ ಮೆನು ಬರುವುದಿಲ್ಲ, ನೇರ ವಿಂಡೋಸ್ ತೆರೆಯುತ್ತದೆ. ಬಿಓಎಸ್ ಬೇಕೆಂದರೆ ಫ್ಲಾಪಿಯಿಂದ ಶುರು ಮಾಡುವ ಹಾದಿ ಹಿಡಿಯಬೇಕು. ಕೊಂಡವರಲ್ಲಿ ಎಷ್ಟು ಜನ ಅಷ್ಟು ಕಷ್ಟ ಪಟ್ಟಾರು? ಇದ್ದೂ ಇಲ್ಲದ ಹಾಗೆ. ಮೈಕ್ರೋಸಾಫ್ಟ್ ಕಂಪ್ಯೂಟರ್ ತಯಾರಕರಿಗೆ ಕೊಡುವ ಲೈಸೆನ್ಸ್‌ನಲ್ಲಿ ಇಂಥ ಮೆನು ಹಾಕದಂತೆ ತಡೆಯುವ ಷರತ್ತು ಇದೆ ಎಂಬುದು ಬಿ ಕಂಪನಿಯ ಆರೋಪ. ಆರಂಭದ ಮೆನುವಿನಲ್ಲಿ ಬಿಓಎಸ್ ತೋರಿಸುವ ತಯಾರಕರಿಗೆ ಅದನ್ನು ಪುಕ್ಕಟೆ ಕೊಡುತ್ತೇವೆ ಎಂದು ಗಾಸೆ ಬಹಿರಂಗವಾಗಿ ಹೇಳಿದರು. ಫಲ ಸಿಗಲಿಲ್ಲ. ಪುಕ್ಕಟೆ ಕೊಟ್ಟರೂ ಬೇಡ ಅನ್ನುವ ಪರಿಸ್ಥಿತಿ ಬಂದರೆ ತೊಂದರೆ ಸರಕಿನಲ್ಲಿ ಇಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ.

1999ರ ಜುಲೈನಲ್ಲಿ ಕಂಪನಿ ಷೇರು ಪೇಟೆಗೆ ಬಂತು. 2000ದ ಜನವರಿಯಲ್ಲಿ ದಿಕ್ಕು ಬದಲಿಸಿತು. ಡೆಸ್ಕ್‌ಟಾಪ್ ಬದಿಗಿಟ್ಟು, ಅಡುಗೆಮನೆ, ಪಡಸಾಲೆಯಲ್ಲಿ ಇಡುವಂಥ ಇಂಟರ್ನೆಟ್ ಸಾಧನಗಳಿಗೆ ಬಿಐಎ ಎಂಬ ಕಿರಿಯ ರೂಪ ಮಾಡಿತು. ಅದೇ ಮಾರ್ಚ್‌ನಲ್ಲಿ ಬಂದ ಐದನೇ ಬಿಡುಗಡೆಯ ಪರ್ಸನಲ್ ಎಡಿಷನ್ ಪುಕ್ಕಟೆ. ವಿಂಡೋಸ್‌ನಲ್ಲಿ ಒಂದು ದೊಡ್ಡ ಫೈಲ್ ಆಗಿ ಅದು ಕೂರುತ್ತಿತ್ತು. ಡಿಸ್ಕ್ ಭಾಗ ಮಾಡುವ ಭಯ ಇಲ್ಲ. ಬಹಳ ಜನ ಬಿಓಎಸ್ ಮುಖ ನೋಡಿದ್ದೇ ಆಗ. 32 ಎಂಬಿ ಮೆಮೊರಿಯ ಪೆಂಟಿಯಂನಲ್ಲೂ ಅದು ಸರಾಗವಾಗಿ ಓಡುತ್ತಿತ್ತು. ಜನ ಇಷ್ಟಪಡತೊಡಗಿದ ಹೊತ್ತಿಗೆ ಮಾಡುವವರ ಗಮನ ಬೇರೆ ಕಡೆ ತಿರುಗಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಬೇಸರ ತರಿಸುವ ಭಾಗ ಇದು.

ಇಂಟರ್ನೆಟ್ ಸಾಧನಗಳೂ ಕೈಹಿಡಿಯಲಿಲ್ಲ. ಸೋನಿ ಕಂಪನಿ ಬಿಐಎ ಹಾಕಿ 2001ರಲ್ಲಿ ತಂದ ಇವಿಲ್ಲಾ ಕೆಲವೇ ತಿಂಗಳಲ್ಲಿ ನಿಂತಿತು. ಆ ಆಗಸ್ಟ್‌ನಲ್ಲಿ ಕೈಗಂಪ್ಯೂಟರ್ ಮಾಡುತ್ತಿದ್ದ ಪಾಮ್ ಕಂಪನಿ ಬಿಯ ತಂತ್ರಜ್ಞಾನವನ್ನು 1.1 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಳ್ಳಲು ಒಪ್ಪಿತು. ಐದು ವರ್ಷದ ಹಿಂದೆ ಕೇಳಿದ್ದ ಬೆಲೆ ಎಲ್ಲಿ, ಇದು ಎಲ್ಲಿ!

ಕೊನೆಯ ಕೆಲಸವಾಗಿ 2002ರ ಫೆಬ್ರವರಿಯಲ್ಲಿ ಬಿ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಹಿಟಾಚಿ ವಿಷಯವೂ ಅದರಲ್ಲಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ 2.325 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆ ಎಂದು ಒಪ್ಪಲಿಲ್ಲ. ತಂತ್ರಜ್ಞಾನ ಮಾರಿ ಬಂದದ್ದಕ್ಕಿಂತ ಎರಡು ಪಟ್ಟು ಹಣ ದಾವೆಯಿಂದ ಬಂತು.

ಎಂಜಿನಿಯರ್‌ಗಳು ಹೋದ ಕಡೆ

ಬಿಎಫ್‌ಎಸ್ ಬರೆದ ಜಂಪಾಲೊ 2002ರಲ್ಲಿ ಆಪಲ್ ಸೇರಿದರು. 2005ರಲ್ಲಿ ಮ್ಯಾಕ್‌ಗೆ ಬಂದ ಸ್ಪಾಟ್‌ಲೈಟ್ ಹುಡುಕಾಟದಲ್ಲಿ ಅವರ ಕೈ ಇದೆ. ಉಳಿಸಿಟ್ಟ ಹುಡುಕಾಟ ಫೋಲ್ಡರ್‌ನಂತೆ ತೆರೆಯುವುದು, ಹೊಸ ಫೈಲ್ ಬಂದರೆ ತಾನೇ ಸೇರುವುದು, ಇವನ್ನು ಸ್ಪಾಟ್‌ಲೈಟ್‌ನಲ್ಲಿ ಕಂಡರೆ ಬಿಓಎಸ್ ಬಲ್ಲವರಿಗೆ ಗುರುತು ಸಿಗುತ್ತದೆ. ಈಗ ಐಫೋನ್, ಮ್ಯಾಕ್ ಎರಡರಲ್ಲೂ ಇರುವ ಎಪಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಕಟ್ಟಿದವರಲ್ಲೂ ಅವರಿದ್ದಾರೆ. 1996ರಲ್ಲಿ ಆಪಲ್ ಕೊಳ್ಳದೆ ಬಿಟ್ಟದ್ದು ಹೀಗೆ ಬೇರೆ ಬಾಗಿಲಿನಿಂದ ಒಳಗೆ ಬಂತು.

ಇನ್ನು ಕೆಲವರು ಪಾಮ್ ಮೂಲಕ ಗೂಗಲ್ ತಲುಪಿದರು. ಡಯಾನ್ ಹ್ಯಾಕ್‌ಬಾರ್ನ್, ಮಥಿಯಾಸ್ ಅಗೋಪಿಯನ್ ಆ ಪೈಕಿಯವರು. ಬಿಯಲ್ಲಿ ಶುರುವಾಗಿ, ಪಾಮ್‌ನಲ್ಲಿ ಬೆಳೆದು ಓಪನ್‌ಬೈಂಡರ್ ಎಂದು ಹೊರಬಂದ ಕೆಲಸವೇ ಆಂಡ್ರಾಯ್ಡ್‌ನ ಬೈಂಡರ್‌ಗೆ ಮೂಲ. ಆಂಡ್ರಾಯ್ಡ್ ಫೋನ್‌ನಲ್ಲಿ ಒಂದು ಆಪ್ ಇನ್ನೊಂದರ ಜೊತೆ, ಸಿಸ್ಟಮ್ ಜೊತೆ ಮಾತಾಡುವುದು ಬೈಂಡರ್ ಮೂಲಕ. ಬೆಂಗಳೂರಿನಲ್ಲಿ ಆಂಡ್ರಾಯ್ಡ್ ಆಪ್ ಬರೆದು ಹೊಟ್ಟೆ ಹೊರೆಯುವವರಿಗೆ, ಥ್ರೆಡ್‌ಗೆ ಬರುವ ಸಂದೇಶಗಳನ್ನು ನಿಭಾಯಿಸುವ ಲೂಪರ್, ಹ್ಯಾಂಡ್ಲರ್ ಎಂಬ ಹೆಸರು ಗೊತ್ತು. ಬಿಓಎಸ್‌ನಲ್ಲಿ ಅವು ಬಿಲೂಪರ್, ಬಿಹ್ಯಾಂಡ್ಲರ್ ಆಗಿದ್ದವು. ಒಂದು ವ್ಯತ್ಯಾಸ ನನ್ನ ಗಮನ ಸೆಳೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ಪರದೆಗೆ ಸಂಬಂಧಿಸಿದ ಕೆಲಸ ಬಹುಮಟ್ಟಿಗೆ ಆಪ್‌ನ ಒಂದೇ ಮುಖ್ಯ ಥ್ರೆಡ್‌ನಲ್ಲಿ ನಡೆಯುತ್ತದೆ. ವಿಂಡೋಗೊಂದು ಥ್ರೆಡ್ ಎಂಬ ಬಿಓಎಸ್‌ನ ಹೆಮ್ಮೆಯ ನಿಯಮ ಅಲ್ಲಿಗೆ ಬರಲಿಲ್ಲ.

ಒಎಸ್ ಕೂಡ ಪೂರ್ತಿ ಸಾಯಲಿಲ್ಲ. ಪಾಮ್ ಸುದ್ದಿ ಬಂದ ಆಗಸ್ಟ್‌ನಲ್ಲೇ ಕೆಲವು ಅಭಿಮಾನಿಗಳು ಓಪನ್‌ಬಿಓಎಸ್ ಶುರು ಮಾಡಿದರು. ಬಿಓಎಸ್‌ನ ಮೂಲ ಕೋಡ್ ಅವರಿಗೆ ಸಿಗುವಂತಿರಲಿಲ್ಲ. ಹೊರಗಿನಿಂದ ನಡವಳಿಕೆ ನೋಡಿ, ಒಂದೊಂದೇ ಭಾಗವನ್ನು ಹೊಸದಾಗಿ ಬರೆಯಬೇಕಿತ್ತು. ಬಿಯಲ್ಲಿ ಕೆಲಸ ಮಾಡಿದ್ದ ಟ್ರಾವಿಸ್ ಗೈಸೆಲ್‌ಬ್ರೆಕ್ಟ್ ಬರೆದ ನ್ಯೂಓಎಸ್ ಕರ್ನಲ್ (ಒಎಸ್‌ನ ತಿರುಳು) ಅಡಿಪಾಯವಾಯಿತು. 2004ರಲ್ಲಿ ಹೈಕು ಎಂದು ಹೆಸರು ಬದಲಾಯಿತು. ಪರೀಕ್ಷೆಗೆಂದು ಬಿಡುವ ಆವೃತ್ತಿಗಳಲ್ಲಿ ಮೊದಲ ಆಲ್ಫಾ 2009ರಲ್ಲಿ, ಮೊದಲ ಬೀಟಾ 2018ರಲ್ಲಿ, ಐದನೇ ಬೀಟಾ 2024ರ ಸೆಪ್ಟೆಂಬರ್‌ನಲ್ಲಿ ಬಂತು. ಕೈಲಾದಷ್ಟು ಹೊತ್ತು ಕೊಡುವ ಜನ ಮಾಡಿದ ಕೆಲಸ ಇದು. ಇಂಥ ಮುಕ್ತ ಯೋಜನೆಗಳಿಗೆ ಹೊಸಬರನ್ನು ಸೇರಿಸುವ ಗೂಗಲ್ ಸಮ್ಮರ್ ಆಫ್ ಕೋಡ್ ಮೂಲಕ ಭಾರತದ ಕಾಲೇಜು ಹುಡುಗರೂ ಇದರಲ್ಲಿ ಕೈಜೋಡಿಸಿದ್ದಾರೆ.

ಹೈಕುವಿನ 32 ಬಿಟ್ ಆವೃತ್ತಿಯಲ್ಲಿ ಬಿಓಎಸ್ ಐದನೇ ಬಿಡುಗಡೆಯ ಪ್ರೋಗ್ರಾಂಗಳು ಇವತ್ತಿಗೂ ಓಡುತ್ತವೆ. ಅದಕ್ಕೆ ಅವರು ತೆತ್ತ ಬೆಲೆ ಚಿಕ್ಕದಲ್ಲ. ಸಿ++ ಭಾಷೆಯಲ್ಲಿ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬದಲಾದರೆ ಒಳಗಿನ ಜೋಡಣೆ ಬದಲಾಗುತ್ತದೆ, ಹಳೇ ಪ್ರೋಗ್ರಾಂ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಮೀರಿದ ಜಿಸಿಸಿ 2 ಕಂಪೈಲರನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಹಳೇ ಹೊರೆ ಬೇಡ ಎಂದು ಹುಟ್ಟಿದ ಒಎಸ್‌ನ ಅಭಿಮಾನಿಗಳು, ಅದರ ಮೇಲಿನ ಪ್ರೀತಿಗೆ, ಆ ಹೊರೆಯನ್ನು ತಾವೇ ಹೊತ್ತಿದ್ದಾರೆ. ನನಗೆ ಇದು ಸರಿ ಅನಿಸುತ್ತದೆ. ಯಾರೋ ಕಷ್ಟಪಟ್ಟು ಬರೆದ ಪ್ರೋಗ್ರಾಂ, ಕಂಪನಿ ಮುಚ್ಚಿತು ಎಂಬ ಒಂದೇ ಕಾರಣಕ್ಕೆ ಸಾಯಬಾರದು. 64 ಬಿಟ್ ಆವೃತ್ತಿಯಲ್ಲಿ ಈ ಕಟ್ಟು ಇಲ್ಲ.

ನೋಡಬೇಕೆನಿಸಿದರೆ ಹೈಕುವನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು ಅಲ್ಲಿಂದಲೇ ಓಡಿಸಬಹುದು. ಡಿಸ್ಕ್ ಮುಟ್ಟುವ ಅಗತ್ಯ ಇಲ್ಲ. 384 ಎಂಬಿ ಮೆಮೊರಿಯ ಹಳೇ ಯಂತ್ರವೂ ಸಾಕು. ಹೊಸ ಲ್ಯಾಪ್‌ಟಾಪ್ ಆದರೆ ವೈಫೈ, ಧ್ವನಿ ಕೆಲಸ ಮಾಡುತ್ತದೋ ಎಂದು ಮೊದಲು ಪರೀಕ್ಷಿಸಿ. ಒಳಗೆ ಹೋದ ಮೇಲೆ ನಾಲ್ಕಾರು ಫೈಲ್ ಮಾಡಿ, ಟ್ರ್ಯಾಕರ್‌ನ ಹುಡುಕಾಟಕ್ಕೆ ಹೋಗಿ, ಹೆಸರಿನ ಒಂದು ತುಣುಕು ಕೊಟ್ಟು ಫಲಿತಾಂಶದ ವಿಂಡೋ ತೆರೆದಿಡಿ. ಆಮೇಲೆ ಬೇರೆ ಫೋಲ್ಡರ್‌ನಲ್ಲಿ ಅದೇ ತುಣುಕು ಇರುವ ಹೊಸ ಫೈಲ್ ಒಂದನ್ನು ಮಾಡಿ. ಅದು ಆ ಕ್ಷಣವೇ ಮೊದಲಿನ ವಿಂಡೋದಲ್ಲೂ ಕಾಣಿಸುತ್ತದೆ.